650 ರೂಪಾಯಿಯ ಓಬಿಡಿ ಸ್ಕ್ಯಾನರ್: ಮೂರು ವರ್ಷ ಬಳಸಿದ ಮೇಲೆ

ನನ್ನದು 2011ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮೂರು ವರ್ಷದ ಹಿಂದೆ ಅದಕ್ಕೊಂದು ಕೆಟ್ಟ ಚಾಳಿ ಶುರುವಾಯಿತು. ಸಿಗ್ನಲ್‌ನಲ್ಲಿ ನಿಂತರೆ ಆರ್‌ಪಿಎಂ ಮುಳ್ಳು 700ರಿಂದ 1200ಕ್ಕೆ ಏರುವುದು, ಮತ್ತೆ ಇಳಿಯುವುದು. ಬೆಂಗಳೂರಿನ ಗೊರಗುಂಟೆಪಾಳ್ಯದಲ್ಲಿ ಹಸಿರು ಬಿತ್ತು ಅಂತ ಬ್ರೇಕಿನಿಂದ ಕಾಲು ತೆಗೆದರೆ ಸಾಕು, ಗಾಡಿ ಆಫ್. ಹಿಂದಿನ ಬಸ್ಸಿನ ಹಾರನ್ ಬಗ್ಗೆ ಬೇರೆ ಹೇಳಬೇಕಿಲ್ಲ ಅಲ್ವಾ?

ಎರಡು ಗ್ಯಾರೇಜ್ ಸುತ್ತಿದೆ. ಒಂದು ಕಡೆ ಥ್ರಾಟಲ್ ಬಾಡಿ ಕ್ಲೀನ್ ಮಾಡಿದರು, ಇನ್ನೊಂದು ಕಡೆ ಪ್ಲಗ್ ಬದಲಾಯಿಸಿದರು. "ಇಲ್ಲಿ ಸರಿಯಾಗೇ ಇದೆಯಲ್ಲ ಸಾರ್" ಎಂದರು. ಅದೂ ನಿಜವೇ. ಏಕೆಂದು ಆಮೇಲೆ ಗೊತ್ತಾಯಿತು.

ಆ ಸಿಟ್ಟಿನಲ್ಲಿ ತರಿಸಿದ್ದು ಈ ಬ್ಲೂಟೂತ್ ಓಬಿಡಿ ಸ್ಕ್ಯಾನರ್. ಗಾಡಿಯ ಕಂಪ್ಯೂಟರಿನಲ್ಲಿರುವ ಮಾಹಿತಿಯನ್ನು ಫೋನಿನಲ್ಲಿ ತೋರಿಸುವ ಸಾಧನ ಇದು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಸ್ಟೀರಿಂಗ್ ಕೆಳಗಿನ 16 ಪಿನ್ ಸಾಕೆಟ್‌ಗೆ ಸಿಕ್ಕಿಸಿ, ಫೋನಿನಲ್ಲಿ 1234 ಒತ್ತಿ, ಟಾರ್ಕ್ ಆ್ಯಪ್ ತೆರೆದೆ. ಫಾಲ್ಟ್ ಕೋಡ್ (ಕಂಪ್ಯೂಟರ್ ಬರೆದಿಡುವ ದೋಷದ ಸಂಕೇತ) ಒಂದೂ ಇಲ್ಲ! ದುಡ್ಡು ದಂಡ ಎಂದುಕೊಂಡೆ.

ಬೇಜಾರಿಗೆ ಲೈವ್ ಡೇಟಾ ನೋಡುತ್ತಾ ಕೂತೆ. ಎಂಜಿನ್ ಆಫ್, ಕೀ ಮಾತ್ರ ಆನ್: ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಯೊಳಗಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ 91 ಕಿಲೋಪ್ಯಾಸ್ಕಲ್ ಎನ್ನುತ್ತಿತ್ತು. ನೂರು ಬರಬೇಕು, ಸೆನ್ಸರೇ ಹೋಗಿದೆ ಎಂದು ಹೊಸದು ಕೊಳ್ಳಲು ಹೊರಟಿದ್ದೆ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ ಮಾರಾಯ, ಇಲ್ಲಿ ಗಾಳಿಯ ಒತ್ತಡವೇ ಅಷ್ಟು. ಮಂಗಳೂರಿನಲ್ಲಾದರೆ ನೂರರ ಹತ್ತಿರ ಬರುತ್ತದೆ.

ಸ್ಟಾರ್ಟ್ ಮಾಡಿದೆ. ಎಂಜಿನ್ ಬಿಸಿಯಾದ ಮೇಲೆ 32ಕ್ಕೆ ನಿಂತಿತು, ಅದು ಸರಿ. ಸುಮ್ನೆ ಬ್ರೇಕ್ ಒತ್ತಿದೆ. 32 ಇದ್ದದ್ದು 44 ಆಯಿತು, ಆರ್‌ಪಿಎಂ ಜಿಗಿಯಿತು. ಬಿಟ್ಟೆ, ಎಂಜಿನ್ ಆಫ್ ಆಗುವಂತೆ ನಡುಗಿತು. ಹತ್ತು ಸಲ ಮಾಡಿದೆ, ಹತ್ತೂ ಸಲ ಹಾಗೇ. ಕಿಟಕಿ ಏರಿಸಿ ಕೇಳಿದರೆ ಪೆಡಲ್ ಬುಡದಲ್ಲಿ ಸುಯ್ ಎಂಬ ಸದ್ದು.

ಬ್ರೇಕ್ ಬೂಸ್ಟರ್, ಅಂದರೆ ಎಂಜಿನ್ ಗಾಳಿ ಎಳೆಯುವ ಬಲದಿಂದ ಪೆಡಲನ್ನು ಹಗುರ ಮಾಡುವ ಡಬ್ಬಿ, ಸೋರುತ್ತಿತ್ತು. ಪೆಡಲ್ ಒತ್ತಿದಾಗ ಅದರೊಳಗಿಂದ ಕಳ್ಳಗಾಳಿ ಎಂಜಿನ್ನಿಗೆ ನುಗ್ಗುತ್ತದೆ. ಏರಿದ ಆರ್‌ಪಿಎಂ ಇಳಿಸಲು ಕಂಪ್ಯೂಟರ್ ಐಡಲ್ ವಾಲ್ವ್ (ಆಕ್ಸಿಲರೇಟರ್ ಒತ್ತದಿದ್ದಾಗ ಎಂಜಿನ್ನಿಗೆ ಗಾಳಿ ಬಿಡುವ ಕವಾಟ) ಮುಚ್ಚುತ್ತಾ ಹೋಗುತ್ತದೆ. ಕಾಲು ತೆಗೆದ ಕೂಡಲೇ ಕಳ್ಳಗಾಳಿ ನಿಲ್ಲುತ್ತದೆ, ವಾಲ್ವ್ ಇನ್ನೂ ಮುಚ್ಚಿಯೇ ಇರುತ್ತದೆ, ಉಸಿರು ಕಟ್ಟಿ ಎಂಜಿನ್ ಆಫ್. ಗ್ಯಾರೇಜಿನಲ್ಲಿ ಗಾಡಿ ಹ್ಯಾಂಡ್‌ಬ್ರೇಕ್ ಮೇಲೆ ನಿಂತಿರುತ್ತದೆ. ಪೆಡಲ್ ಮೇಲೆ ಯಾರ ಕಾಲೂ ಇರುವುದಿಲ್ಲ! ಮೆಕ್ಯಾನಿಕ್ ಬೂಸ್ಟರಿನ ಹೋಸ್ ಪೈಪನ್ನು ಬಟ್ಟೆ ಸುತ್ತಿದ ಇಕ್ಕಳದಲ್ಲಿ ಹಿಸುಕಿದರು, ನಾನು ಬ್ರೇಕ್ ಒತ್ತಿದೆ, ಮುಳ್ಳು ಅಲುಗಲಿಲ್ಲ. ಬೂಸ್ಟರ್ ಬದಲಾಯಿಸಿದ ಮೇಲೆ ಆ ತೊಂದರೆ ಮತ್ತೆ ಬಂದಿಲ್ಲ. ಇದನ್ನು ಬರೀ ಐಡ್ಲಿಂಗ್ ತಕರಾರು ಎಂದು ಮುಂದೂಡಿದ್ದರೆ ಬ್ರೇಕೇ ಕಲ್ಲಿನ ಹಾಗೆ ಗಟ್ಟಿಯಾಗುತ್ತಿತ್ತು.

ಆಮೇಲೆ ಒಮ್ಮೆ ತುಮಕೂರು ರಸ್ತೆಯಲ್ಲಿ ಕೂಲೆಂಟ್ 66 ಡಿಗ್ರಿ ದಾಟದ್ದನ್ನು, ಅಂದರೆ ಎಂಜಿನ್ ಸರಿಯಾಗಿ ಬಿಸಿಯಾಗದ್ದನ್ನು ನೋಡಿ, ಆ ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಬದಲಾಯಿಸಿದೆ. ಮೈಲೇಜ್ ಬಿದ್ದದ್ದೂ ಅದಕ್ಕೇ.

ಬೇಜಾರಿನ ವಿಷಯಗಳೂ ಇವೆ. ಹಳೇ ಗಾಡಿಯ ಡೇಟಾ ಲೈನ್ ನಿಧಾನ, ಆ್ಯಪ್‌ನಲ್ಲಿ ಹತ್ತು ಡಯಲ್ ಇಟ್ಟರೆ ಅಂಕಿ ತಡವಾಗಿ ಬದಲಾಗುತ್ತದೆ. ನಾನು ಮೂರೇ ಇಡುತ್ತೇನೆ. ಒಮ್ಮೆ ಇದನ್ನು ಸಾಕೆಟ್‌ನಲ್ಲೇ ಬಿಟ್ಟು ಎರಡು ವಾರ ಊರಿಗೆ ಹೋಗಿದ್ದೆ, ಬಂದಾಗ ಬ್ಯಾಟರಿ ಸತ್ತಿತ್ತು. ಕೋಡ್ ಅಳಿಸುವ ಬಟನ್ ಕಂಡರೆ ಕೈ ತುರಿಸುತ್ತದೆ, ಬರೆದಿಟ್ಟುಕೊಳ್ಳದೆ ಒತ್ತಬೇಡಿ. ಮತ್ತೆ, ಈ ಹಳೇ ಬ್ಲೂಟೂತ್ ಮಾದರಿ ಐಫೋನ್ ಜೊತೆ ಕೆಲಸ ಮಾಡುವುದಿಲ್ಲ. ನನ್ನ ಹೆಂಡತಿಯ ಫೋನಿನಲ್ಲಿ ಅರ್ಧ ಭಾನುವಾರ ಹಾಳು ಮಾಡಿ ಕಲಿತದ್ದು ಇದು. ಐಫೋನ್ ಇರುವವರು ವೈಫೈ ಇರುವುದನ್ನು ತೆಗೆದುಕೊಳ್ಳಿ.