ಹಳೆಯ ಹಾಯಿದೋಣಿ, ಹೊಸ ಹಾಯಿದೋಣಿ: ಕಾರವಾರದ ನೀರಿನಲ್ಲಿ ಎರಡನ್ನೂ ನಡೆಸಿದ ಲೆಕ್ಕ

ಬೈತಕೋಲದ ದಕ್ಕೆಯ ಮೇಲೆ ನಿಂತವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಮೀನು ಹಿಡಿಯದ ಮನುಷ್ಯನಿಗೆ ದೋಣಿ ಏಕೆ, ಅದೂ ಎರಡು? ಮೊದಲನೆಯದಕ್ಕೆ ನನ್ನಲ್ಲಿ ಉತ್ತರವಿಲ್ಲ. ಎರಡನೆಯದಕ್ಕೆ ಇದೆ.

ಹಳೆಯದು 26 ಅಡಿ, 1970ರ ದಶಕದ ಫೈಬರ್ ಮೈ. ನನ್ನ ಕೈಗೆ ಬಂದು ಒಂಬತ್ತು ವರ್ಷವಾಯಿತು. ಹೊಸದು 31 ಅಡಿ; ಭಾವನೂ ನಾನೂ ಪಾಲಿನಲ್ಲಿ ಕೊಂಡು ನಾಲ್ಕು ಹಂಗಾಮು ಓಡಿಸಿದ್ದೇವೆ. ಮೇಲಿನಿಂದ ನೋಡಿದರೆ ಒಂದು ಸಣ್ಣದು, ಒಂದು ದೊಡ್ಡದು, ಅಷ್ಟೆ. ನಿಜವಾದ ಅಂತರ ಇರುವುದು ನೀರಿನ ಕೆಳಗೆ. ಹಳೆಯದು 1940ರ ದಶಕದ ಸ್ಕ್ಯಾಂಡಿನೇವಿಯಾದ ಫೋಕ್‌ಬೋಟ್ ಎಂಬ ಸಣ್ಣ ಹಾಯಿದೋಣಿಯ ಕುಲದ್ದು. ಅದರ ಕೀಲ್, ಅಂದರೆ ದೋಣಿ ಮಗುಚದಂತೆ ತಳದಿಂದ ನೀರಿಗಿಳಿಸಿದ ಭಾರದ ಭಾಗ, ಮುಂಭಾಗದಿಂದ ಹಿಂಭಾಗದವರೆಗೆ ಒಂದೇ ಗೋಡೆಯಂತೆ ಇಳಿದಿದೆ, ಗೋಡೆಯ ತುದಿಗೆ ಬಾಗಿಲು ಹಚ್ಚಿದ ಹಾಗೆ ಚುಕ್ಕಾಣಿ. ಹೊಸದರ ಕೀಲ್ ಹೊಟ್ಟೆಯ ನಡುವಿನಿಂದ ಇಳಿದ ಒಂದು ರೆಕ್ಕೆ, ತುದಿಯಲ್ಲಿ ಭಾರದ ಗುಂಡು. ಚುಕ್ಕಾಣಿ ಹಿಂದೆಲ್ಲೋ ಯಾವ ಆಸರೆಯೂ ಇಲ್ಲದೆ ನೇತಾಡುತ್ತದೆ.

ಮಳೆಗಾಲ ಕಳೆದ ಮೇಲೆ ನಮ್ಮಲ್ಲಿ ಗಾಳಿ ಕಡಿಮೆ. ಬೆಳಗಿನ ಜಾವ ಘಟ್ಟದ ಕಡೆಯಿಂದ ತಣ್ಣನೆಯ ಮೂಡುಗಾಳಿ ಬೀಸುತ್ತದೆ, ಬಿಸಿಲೇರಿದಂತೆ ಸಾಯುತ್ತದೆ. ಮಧ್ಯಾಹ್ನದ ಹೊತ್ತಿಗೆ ವಾಯವ್ಯದಿಂದ ಕಡಲ ಗಾಳಿ ಏಳುತ್ತದೆ. ಐದಾರು ನಾಟ್‌ನ ಬೆಳಗಿನ ಗಾಳಿಯಲ್ಲಿ (ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲು, ಸುಮಾರು 1.85 ಕಿ.ಮೀ.) ಹೊಸದು ನಾಲ್ಕರ ಹತ್ತಿರ ಹೋಗುವಾಗ ಹಳೆಯದು ಎರಡಕ್ಕೇ ಏದುಸಿರು ಬಿಡುತ್ತದೆ. ಗಾಳಿ ಬಲವಾದರೂ ಅದಕ್ಕೊಂದು ಮಿತಿಯಿದೆ. ನೀರು ಮುಟ್ಟುವ ಉದ್ದವನ್ನು ಅಡಿಯಲ್ಲಿ ಹಿಡಿದು ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಇಂಥ ದೋಣಿಯ ವೇಗದ ಮಿತಿ ಸಿಗುತ್ತದೆ: ಹಳೆಯದರ 21 ಅಡಿಗೆ ಆರು ನಾಟ್, ಹೊಸದರ 28 ಅಡಿಗೆ ಏಳು. ಗೋವಾದ ಮುರಗಾಂವಕ್ಕೆ ನಲವತ್ತು ಚಿಲ್ಲರೆ ನಾಟಿಕಲ್ ಮೈಲು, ಅದೂ ಗಾಳಿಗೆ ಎದುರಾಗಿ. ಹೊಸದರಲ್ಲಿ ನಸುಕಿಗೆ ಹೊರಟರೆ ಬೆಳಕಿರುವಾಗಲೇ ಲಂಗರು ಹಾಕಬಹುದು. ಹಳೆಯದರಲ್ಲಿ ಹೊರಟರೆ ಮನೆಯಲ್ಲಿ ಮರುದಿನದ ಮಾತೇ ಆಡಬೇಕು.

ಇಷ್ಟನ್ನು ಯಾವ ಮಾರಾಟಗಾರನೂ ಹೇಳುತ್ತಾನೆ. ನಮ್ಮ ಕರಾವಳಿಯ ಪರೀಕ್ಷೆ ಬೇರೆ, ಅದು ಬಲೆಯದು.

ಎರಡು ವರ್ಷದ ಹಿಂದೆ ಫೆಬ್ರವರಿಯಲ್ಲಿ ಹೊಸ ದೋಣಿಯಲ್ಲಿ ನೇತ್ರಾಣಿ ದ್ವೀಪದಿಂದ ಮರಳುತ್ತಿದ್ದೆವು. ಗೋಕರ್ಣದ ಎದುರು, ರಾತ್ರಿ ಎರಡೂವರೆ. ಐದೂವರೆ ನಾಟ್ ತೋರಿಸುತ್ತಿದ್ದ ಪರದೆ ಒಮ್ಮೆಲೇ ಸೊನ್ನೆಗೆ ಬಂದು ನಿಂತಿತು. ಟಾರ್ಚ್ ಬಿಟ್ಟು ನೋಡಿದರೆ ದೋಣಿಯ ಎರಡೂ ಬದಿಗೆ ಬಲೆಯ ಬೆಂಡುಗಳು ಸಾಲಾಗಿ ತೇಲುತ್ತಿವೆ. ಹಗ್ಗ ರೆಕ್ಕೆ ಕೀಲಿನ ಗುಂಡಿಗೂ ಚುಕ್ಕಾಣಿಗೂ ಸುತ್ತಿಕೊಂಡಿದೆ. ಭಾವ ಚಾಕು ತೆಗೆದರು. ನಾನು ಬೇಡವೆಂದೆ. ಅದು ಯಾರದ್ದೋ ಒಂದು ವಾರದ ದುಡಿಮೆ. ಹಾಯಿ ಇಳಿಸಿ ದೀಪ ಬೀಸುತ್ತ ಕುಳಿತೆವು. ಅರ್ಧ ಗಂಟೆಗೆ ಬಲೆಯ ಯಜಮಾನರು ಬಂದರು. ದೋಣಿಯ ಸುತ್ತ ಒಂದು ಸುತ್ತು ಹಾಕಿ, “ಇಷ್ಟು ದೊಡ್ಡ ಕಡಲಿನಲ್ಲಿ ನಿಮಗೆ ನಮ್ಮ ಬಲೆಯೇ ಬೇಕಾಯಿತೇ ಮಾರಾಯರೇ?” ಎಂದರು. ಬಿದಿರಿನ ಗಳದಿಂದ ಹಗ್ಗವನ್ನು ಕೆಳಕ್ಕೆ ಒತ್ತಿ ಒಂದೊಂದೇ ಸುತ್ತು ಬಿಡಿಸುವಷ್ಟರಲ್ಲಿ ಮೂಡಲು ಬಿಳಿಯಾಯಿತು. ಹರಿದದ್ದಕ್ಕೆ ಹಣ ಕೊಟ್ಟೆವು. ಅವರು ಹತ್ತು ಬಂಗಡೆ ಕೊಟ್ಟರು.

ಹಳೆಯದರಲ್ಲಿ ಒಂಬತ್ತು ವರ್ಷದಲ್ಲಿ ಎಷ್ಟು ಬಲೆ ದಾಟಿದ್ದೇನೋ ಲೆಕ್ಕವಿಲ್ಲ. ಓರೆಯಾದ ಉದ್ದ ಕೀಲಿನ ಮೇಲೆ ಹಗ್ಗ ಜಾರಿ ಹಿಂದೆ ಹೋಗಿಬಿಡುತ್ತದೆ. ಸಿಕ್ಕಿಕೊಳ್ಳಲು ಸಂದಿಯೇ ಇಲ್ಲ, ಯಂತ್ರವನ್ನೂ ನೀರಿನಿಂದ ಎತ್ತಿಟ್ಟಿರುತ್ತೇನೆ. ರಾತ್ರಿ ಒಬ್ಬನೇ ಹೋಗುವುದಾದರೆ ಎರಡನೆಯ ಯೋಚನೆಯಿಲ್ಲದೆ ಅದನ್ನೇ ಹತ್ತುತ್ತೇನೆ. ಚುಕ್ಕಾಣಿಯ ಹಿಡಿಗೆ ಹಗ್ಗ ಕಟ್ಟಿ ಚಹಾಕ್ಕೆ ನೀರಿಡಬಹುದು, ದಾರಿ ಬಿಡುವುದಿಲ್ಲ. ಹೊಸದು ಚುರುಕು, ಚುರುಕಾದದ್ದರ ಮೇಲೆ ಸದಾ ಕಣ್ಣಿರಬೇಕು. ಎದುರಲೆಯಲ್ಲಿ ಅದರ ಚಪ್ಪಟೆ ತಳ ದಬದಬನೆ ಬಡಿಯುವ ಸದ್ದಿಗೆ ಮಲಗಿದವರೂ ಎದ್ದು ಕೂರುತ್ತಾರೆ.

ಆಳವೂ ಲೆಕ್ಕಕ್ಕೆ ಬರುತ್ತದೆ. ಹಳೆಯದಕ್ಕೆ ನಾಲ್ಕು ಅಡಿ ನೀರು ಸಾಕು, ಹೊಸದಕ್ಕೆ ಆರು ಬೇಕು. ಅಘನಾಶಿನಿಯ ಅಳಿವೆಯಲ್ಲಿ ಮರಳು ಮಳೆಗಾಲಕ್ಕೊಮ್ಮೆ ಜಾಗ ಬದಲಿಸುತ್ತದೆ. ಹಳೆಯದರಲ್ಲಿ ಉಬ್ಬರ ಅರ್ಧ ಏರಿದಾಗಲೇ ತದಡಿ ಬಂದರಿಗೆ ಹೋಗಿಬಿಡುತ್ತೇನೆ, ಹೊಸದರಲ್ಲಿ ಹೊರಗೇ ಕಾಯುತ್ತೇನೆ.

ಹಾಗೆಂದು ಹಳೆಯದನ್ನು ಹೊಗಳಿ ಮುಗಿಸಿದರೆ ಮನೆಯವಳು ಒಪ್ಪುವುದಿಲ್ಲ. ಅದರೊಳಗೆ ನೆಟ್ಟಗೆ ನಿಲ್ಲಲಾಗದು, ಶೌಚಕ್ಕೆ ಬಕೆಟ್. ಕೂರ್ಮಗಡ ದ್ವೀಪದ ನರಸಿಂಹನ ಜಾತ್ರೆಯ ದಿನ ಆರು ಜನ ನೆಂಟರು, ಹರಕೆಯ ಬಾಳೆಗೊನೆ, ಒಬ್ಬ ಅಜ್ಜಿ. ಅಜ್ಜಿ ಹೊಸದರ ಅಗಲವಾದ ಹಿಂಭಾಗದಲ್ಲಿ ಜಗುಲಿಯ ಮೇಲೆ ಕುಳಿತಂತೆ ಕಾಲು ಮಡಚಿ ಕುಳಿತು ಹೋಗಿಬಂದರು. ದಕ್ಕೆಯಲ್ಲಿ ಮೀನುದೋಣಿಗಳ ನಡುವೆ ಅದು ನಿಂತಲ್ಲೇ ತಿರುಗುತ್ತದೆ. ಹಳೆಯದನ್ನು ಹಿಂದಕ್ಕೆ ನಡೆಸಲು ಹೋದರೆ ತನಗೆ ಬೇಕಾದ ದಿಕ್ಕಿಗೆ ಹೋಗುತ್ತದೆ; ಬೈಗುಳ ಮಾತ್ರ ನನಗೆ.

‘ಹಳೆಯದೇ ಗಟ್ಟಿ’ ಎನ್ನುವವರು ಒಬ್ಬೊಬ್ಬರೇ ಹಾಯಿದೋಣಿಯಲ್ಲಿ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ಪಂದ್ಯದ ಮಾತೆತ್ತುತ್ತಾರೆ. 1988ಕ್ಕೆ ಮೊದಲು ವಿನ್ಯಾಸವಾದ ಉದ್ದ ಕೀಲಿನ ದೋಣಿಗಳಿಗಷ್ಟೇ ಅಲ್ಲಿ ಪ್ರವೇಶ; ನಮ್ಮ ಅಭಿಲಾಷ್ ಟಾಮಿ 2023ರಲ್ಲಿ ಎರಡನೆಯವರಾಗಿ ಮುಗಿಸಿದರು. ಸರಿಯೇ. ಆದರೆ 2018ರಲ್ಲಿ ಅದೇ ಪಂದ್ಯದಲ್ಲಿ ಅವರ ದೋಣಿ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಉರುಳಿ, ಕೂವೆಮರ ಮುರಿದು, ಅವರ ಬೆನ್ನಿಗೆ ಪೆಟ್ಟಾಗಿತ್ತು. ಅದೂ ಉದ್ದ ಕೀಲಿನದೇ.

ಖರ್ಚಿನಲ್ಲಿ ಎರಡೂ ಕಳ್ಳರು. ಹಳೆಯದರ ಡೆಕ್ಕಿನ ಒಳಪದರದ ಬಾಲ್ಸಾ ಮರ ನಮ್ಮ ಮಳೆ ಕುಡಿದು ಹಿಟ್ಟಿನಂತಾಗಿತ್ತು. ಕೆರೆದು ತುಂಬಲು ಒಂದು ಮಳೆಗಾಲವಿಡೀ ಹಿಡಿಯಿತು. ಆದರೆ ಜೂನಿನಲ್ಲಿ ದಡಕ್ಕೆಳೆದಾಗ ತನ್ನ ಕೀಲಿನ ಮೇಲೆ ತಾನೇ ಕೂರುತ್ತದೆ, ಬದಿಗೆ ನಾಲ್ಕು ಆನಿಕೆ ಕೊಟ್ಟರಾಯಿತು. ಹೊಸದಕ್ಕೆ ಉಕ್ಕಿನ ತೊಟ್ಟಿಲು ಮಾಡಿಸಬೇಕಾಯಿತು. ಬಲೆ ಎಳೆದ ಮೇಲಂತೂ ಕೀಲಿನ ಬೋಲ್ಟುಗಳನ್ನು ವರ್ಷಕ್ಕೊಮ್ಮೆ ನೋಡಿಸುತ್ತೇನೆ.

ಮನೆಮಂದಿಯೊಂದಿಗೆ ಹಗಲು ಸುತ್ತುವವರು ಹೊಸದನ್ನು ಕೊಳ್ಳಲಿ. ರಾತ್ರಿ ಓಡಾಡುವ ಒಂಟಿ ಮನುಷ್ಯನಿಗೆ ಹಳೆಯದೇ ಆಗಬೇಕು, ಡೆಕ್ಕನ್ನು ಸುತ್ತಿಗೆಯಿಂದ ತಟ್ಟಿ ನೋಡಿಯೇ ಕೊಳ್ಳಬೇಕು. ಹಳೆಯದನ್ನು ಮಾರಿಬಿಡೋಣ ಎಂದು ಭಾವ ಈವರೆಗೆ ಎರಡು ಸಲ ಹೇಳಿದ್ದಾರೆ. ಎರಡು ಸಲವೂ ಹೇಳಿದ್ದು ಅದರಲ್ಲೇ ಕುಳಿತು, ತದಡಿಯಲ್ಲಿ, ಸೀಮೆಎಣ್ಣೆ ಒಲೆಯ ಮೇಲೆ ಏಡಿ ಬೇಯುತ್ತಿದ್ದಾಗ.