ವಾಸ್ಕೊಗೆ ಹೋಗೋದಾದ್ರೆ ಹಗಲು ಗಾಡಿ ಹಿಡೀರಿ

ಹುಬ್ಬಳ್ಳಿಯಿಂದ ಗಾಡಿ ಬದಲಿಸದೆ ಸಮುದ್ರದ ದಂಡೆ ಮುಟ್ಟಬೇಕೆಂದರೆ ಗೋವಾದ ವಾಸ್ಕೊ ಡ ಗಾಮಾ ಸ್ಟೇಷನ್ನೇ ಸರಿ. ಧಾರವಾಡ, ಅಳ್ನಾವರ, ಲೋಂಡಾ, ಕ್ಯಾಸಲ್‌ರಾಕ್ ದಾಟಿ ಘಟ್ಟ ಇಳಿದರೆ ಕುಳೆ, ಆಮೇಲೆ ಮಡಗಾಂವ್, ಕೊನೆಗೆ ವಾಸ್ಕೊ. ಯಶವಂತಪುರದಿಂದ ಬರುವ ಗಾಡಿ ಹುಬ್ಬಳ್ಳಿ ಬಿಡುವುದೇ ರಾತ್ರಿ, ಘಟ್ಟವೆಲ್ಲ ಕತ್ತಲೆಯಲ್ಲೇ ಹೋಗುತ್ತದೆ. ಘಟ್ಟ ನೋಡಬೇಕೆನ್ನುವವರಿಗೆ ಹೌರಾ ಕಡೆಯಿಂದ ಬರುವ ಅಮರಾವತಿ ಎಕ್ಸ್‌ಪ್ರೆಸ್ ಒಳ್ಳೆಯದು. ಗದಗದವರು ಅಲ್ಲೇ ಹತ್ತಬಹುದು. ದಿನಾ ಇರುವ ಗಾಡಿಯಲ್ಲ, ಮೊದಲೇ ವಾರ ನೋಡಿ ರಿಸರ್ವೇಶನ್ ಮಾಡಿಸಿ.

ಈ ಹಳಿ ಹಾಕಿದ್ದೇ ಬಂದರಿಗಾಗಿ. 1878ರಲ್ಲಿ ಬ್ರಿಟಿಷರಿಗೂ ಪೋರ್ಚುಗೀಸರಿಗೂ ಒಪ್ಪಂದವಾಗಿ, 1888ರ ಹೊತ್ತಿಗೆ ವಾಸ್ಕೊ ಪಕ್ಕದ ಮುರಗಾಂವ್ ಬಂದರಿನಿಂದ ಕ್ಯಾಸಲ್‌ರಾಕ್‌ವರೆಗೆ ಸುಮಾರು 82 ಕಿ.ಮೀ. ದಾರಿ ತಯಾರಾಯಿತು. ಈಚೆ ಕಡೆಯದು ಸದರ್ನ್ ಮರಾಠಾ ರೈಲ್ವೆಯ ಕೆಲಸ. ನಮ್ಮ ಹುಬ್ಬಳ್ಳಿ ವರ್ಕ್‌ಶಾಪ್ ಹುಟ್ಟಿದ್ದೂ ಅದೇ ಕಂಪನಿಯ ಕಾಲದಲ್ಲಿ. ಗೋವಾ ಪೋರ್ಚುಗೀಸರ ಕೈಲಿದ್ದಷ್ಟು ದಿನ ಕ್ಯಾಸಲ್‌ರಾಕ್ ಗಡಿ ಸ್ಟೇಷನ್, ಸಾಮಾನು ಬಿಚ್ಚಿಸಿ ತಪಾಸಣೆ ಮಾಡುತ್ತಿದ್ದ ಜಾಗ.

ಕ್ಯಾಸಲ್‌ರಾಕ್‌ನಲ್ಲಿ ಗಾಡಿ ನಿಂತೇಬಿಟ್ಟಿತು ಎಂದು ಬೇಸರ ಮಾಡಿಕೊಳ್ಳಬೇಡಿ. ಮುಂದಿನ 26 ಕಿ.ಮೀ.ನಲ್ಲಿ ಇಳಿಜಾರು 37ಕ್ಕೆ 1, ಅಂದರೆ 37 ಮೀಟರ್ ಮುಂದೆ ಹೋದರೆ 1 ಮೀಟರ್ ಕೆಳಗೆ. ರೈಲಿಗೆ ಇದು ಬಹಳ ಕಡಿದು. ಅದಕ್ಕೇ ಇಳಿಯುವ ಮೊದಲು ಬ್ರೇಕ್ ಪರೀಕ್ಷೆ ಕಡ್ಡಾಯ: ಬ್ರೇಕ್ ಪೈಪಿನ ಗಾಳಿ ಕೊನೆಯ ಡಬ್ಬಿವರೆಗೂ ಸರಿಯಾಗಿ ಮುಟ್ಟಿದೆಯೇ, ಎಲ್ಲೂ ಸೋರುತ್ತಿಲ್ಲವೇ ಎಂದು ನೋಡುತ್ತಾರೆ. ಬಾಗಿಲ ಬಳಿ ಕಿವಿಗೊಟ್ಟರೆ ಡಬ್ಬಿಯ ಕೆಳಗೆ ‘ಸುಸ್’ ಎಂದು ಗಾಳಿ ಬಿಟ್ಟು ಹಿಡಿಯುವ ಸದ್ದು ಕೇಳುತ್ತದೆ. ಬ್ರೇಕ್ ಕೈಕೊಟ್ಟು ಓಡಿದ ಗಾಡಿಯನ್ನು ಏರಿನ ಕಡೆ ತಿರುಗಿಸಿ ನಿಲ್ಲಿಸಲು ಘಟ್ಟದಲ್ಲಿ ಕ್ಯಾಚ್ ಸೈಡಿಂಗ್‌ಗಳಿವೆ. ಕ್ಯಾರಂಜೋಲ್, ದೂಧಸಾಗರ, ಸೋನಾಲಿಂ ದಾಟುವವರೆಗೆ ಗಾಡಿ ನಿಧಾನ. ಅದು ತಡವಲ್ಲ, ಜೀವದ ಕಾಳಜಿ.

ದೂಧಸಾಗರದ ಸುಮಾರು 310 ಮೀಟರ್ ಜಲಪಾತ ಹಳಿಯ ಮಗ್ಗುಲಲ್ಲೇ ಧುಮುಕುತ್ತದೆ. ಫೋಟೊಕ್ಕಾಗಿ ಕೆಳಗಿಳಿಯಬೇಡಿ. ಹಳಿ ಮೇಲೆ ನಡೆಯುವುದು ಅಪರಾಧ, ಸುರಂಗದಲ್ಲಿ ಸರಿಯಲು ಜಾಗವೂ ಸಾಲದು. ನೀರು ತುಂಬಿರುವುದು ಮಳೆಗಾಲದಲ್ಲಿ. ಮಣ್ಣು ಕುಸಿದು ಗಾಡಿ ರದ್ದಾಗುವುದೂ ಆಗಲೇ. ಜುಲೈ, ಆಗಸ್ಟ್‌ನಲ್ಲಿ ಹೊರಡುವ ದಿನ ಬೆಳಗ್ಗೆ ಮತ್ತೊಮ್ಮೆ ವಿಚಾರಿಸಿಕೊಳ್ಳಿ. ರೊಟ್ಟಿ, ಶೇಂಗಾ ಚಟ್ನಿ, ನೀರು ಕಟ್ಟಿಕೊಳ್ಳಿ. ಘಟ್ಟದಲ್ಲಿ ಏನೂ ಸಿಗುವುದಿಲ್ಲ.

ವಾಸ್ಕೊ ಸ್ಟೇಷನ್ ಸಣ್ಣದು. ಹುಬ್ಬಳ್ಳಿಯ 1507 ಮೀಟರ್ ಪ್ಲಾಟ್‌ಫಾರ್ಮ್ ನೋಡಿದವರಿಗೆ ಇಷ್ಟೇನಾ ಅನ್ನಿಸಬಹುದು. ಆದರೆ ಸುತ್ತಾಟ ಕಡಿಮೆ: ಹೊರಬಿದ್ದರೆ ಊರೇ, ಬೈನಾ ಬೀಚ್‌ಗೆ ಆಟೊ ಸಾಕು, ದಾಬೋಳಿ ವಿಮಾನ ನಿಲ್ದಾಣವೂ ಹತ್ತಿರ. ಬೈನಾ ಕಡೆ ನಮ್ಮ ಭಾಗದ ಮಂದಿ ಬಹಳ, ಕನ್ನಡದಲ್ಲೇ ದಾರಿ ಕೇಳಬಹುದು. ಕೊಲ್ವಾ ಬೀಚ್‌ಗೆ ಹೋಗುವವರು ಮಾತ್ರ ಇಲ್ಲಿತನಕ ಬರದೆ ಮಡಗಾಂವ್‌ನಲ್ಲೇ ಇಳಿಯಿರಿ.

ವಾಪಸ್ ಬರುವಾಗ ಕುಳೆಯಲ್ಲಿ ಹಿಂದಿನಿಂದ ತಳ್ಳಲು ಬ್ಯಾಂಕರ್ ಎಂಜಿನ್ ಹಚ್ಚುತ್ತಾರೆ. ಬಂದರಿನಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋಗುವ ಕಲ್ಲಿದ್ದಲ ಗಾಡಿಗಳೂ ಇದೇ ಹಳಿ ಏರಬೇಕು. ಹಾಗಾಗಿ ಹುಬ್ಬಳ್ಳಿಯಲ್ಲಿ ಮುಂದಿನ ಗಾಡಿ ಹಿಡಿಯುವವರು ನಡುವೆ ಎರಡು ತಾಸಾದರೂ ಬಿಟ್ಟುಕೊಳ್ಳಿ.