ಬಾಗಲಕೋಟಿ ನವನಗರದ ಈ ರೊಟ್ಟಿ ಅಂಗಡಿ: ರೊಟ್ಟಿನೂ ಛಲೋ, ಗೋಡಿ ಮ್ಯಾಲಿನ ಲೆಕ್ಕಾನೂ ಛಲೋ

ಮಣಕಟ್ಟು ನೋವು ಶುರು ಆದ ಮ್ಯಾಲ ನಾ ಮನ್ಯಾಗ ರೊಟ್ಟಿ ಬಡಿಯೋದ ಬಿಟ್ಟೇನಿ, ಎರಡ ವರ್ಷದಿಂದ ಈ ಅಂಗಡಿ ರೊಟ್ಟಿನ ನಮ್ಮನಿ ರೊಟ್ಟಿ. ಮೊದಲ ರುಚಿ ಹೇಳತೀನಿ. ಬಿಳಿಜ್ವಾಳದ ಹಿಟ್ಟು, ಬ್ಯಾರೆ ಏನೂ ಬೆರಸೂದಿಲ್ಲ, ಕಡಕ ರೊಟ್ಟಿ ಮುರದ್ರ ಟಕ್ ಅಂತ ಸಪ್ಪಳ ಬರತೈತಿ, ಮೆತ್ತನ ರೊಟ್ಟಿ ಮುಂಜಾನೆ ಹತ್ತರ ಒಳಗ ಹೋದ್ರ ಬಿಸಿ ಬಿಸಿ ಸಿಗತಾವ. ಶೇಂಗಾ ಹಿಂಡಿ ಬಳ್ಳೊಳ್ಳಿ ಹಾಕಿ ಕುಟ್ಟಿದ್ದು, ಗುರೆಳ್ಳ ಹಿಂಡಿ ಅದಕ್ಕಿಂತ ಛಲೋ, ಅಗಸಿ ಹಿಂಡಿಗೆ ಸ್ವಲ್ಪ ಉಪ್ಪ ಹೆಚ್ಚ. ಕಡಕ ರೊಟ್ಟಿ ಒಂದಕ್ಕ 8 ರೂಪಾಯಿ. ಬ್ಯಾರೆ ಕಡೆ 6ಕ್ಕ ಸಿಗತಾವ, ಖರೆ. ಆ 2 ರೂಪಾಯಿ ಎಲ್ಲಿ ಹೋಗತಾವ ಅಂತ ಒಂದ ದಿನ ಕೇಳಿದೆ, ಅದನ್ನ ಹೇಳಾಕಂತನ ಇಷ್ಟುದ್ದ ಬರಿಯಾಕತ್ತೇನಿ.

ಅಂಗಡಿ ನಡಸೂದು ಒಂದ ಸಣ್ಣ ಸಂಸ್ಥೆ. ಹೊಲ ಇಲ್ಲ, ಮನ್ಯಾಗ ದುಡಿಯೋರಿಲ್ಲ, ಸ್ವಸಹಾಯ ಸಂಘದಾಗ ವಾರಕ್ಕ 50 ರೂಪಾಯಿ ತುಂಬಾಕೂ ಆಗದಂಥ ಹೆಣ್ಮಕ್ಕಳನ್ನ ಹುಡುಕಿ ಹುಡುಕಿ ತಮ್ಮ ಯೋಜನೆಗೆ ಸೇರಿಸಿಕೋತಾರ. ಸಂಘಕ್ಕ ನಾ ಕೆಟ್ಟ ಅನ್ನೂದಿಲ್ಲ, ನಮ್ಮ ರಾಜ್ಯದಾಗ ಮೈರಾಡಾ ಅನ್ನೋ ಸಂಸ್ಥೆಯವರು 80ರ ದಶಕದಾಗನ ಕಟ್ಟಿದ್ರು, 1992ರಾಗ ಹಳ್ಳಿ, ಒಕ್ಕಲತನದ ಸಾಲ ನೋಡಕೊಳ್ಳೂ ನಬಾರ್ಡ್ ಬ್ಯಾಂಕ್ ಅವನ್ನ ಬ್ಯಾಂಕಿಗೆ ಜೋಡಿಸಿತು, ನಮ್ಮವ್ವನ ಸಾಲಾ ತೀರಿದ್ದ ಸಂಘದಿಂದ. ಆದ್ರ ಉಳಿಸಾಕ ರೊಕ್ಕನ ಇಲ್ಲದಾಕಿ ಸಂಘದ ಬಾಗಿಲದ ಹೊರಗನ ನಿಲ್ಲತಾಳ, ಆಕಿ ಹೆಸರ ಯಾವ ಪುಸ್ತಕದಾಗೂ ಬರೂದಿಲ್ಲ.

ಕೌಂಟರ್ ಮ್ಯಾಲ ಕುಂಡ್ರೂ ಅಕ್ಕ ಬೀಳಗಿ ಕಡೆಯಾಕಿ. ಹತ್ತ ವರ್ಷ ಗೋವಾಕ ಗುಳೆ ಹೋಗಿ ಕಟ್ಟಡದ ಮ್ಯಾಲ ಉಸುಕ ಹೊತ್ತಾಕಿ. ಸಂಸ್ಥೆಯವರು ಆಕಿಗೆ ಎರಡ ಆಡು ಕೊಟ್ರು, ಆರ ತಿಂಗಳ ವಾರಾ ವಾರಾ ಊಟದ ಖರ್ಚಿಗೆ ರೊಕ್ಕ ಕೊಟ್ರು, ಎರಡ ವರ್ಷ ವಾರಕ್ಕೊಮ್ಮೆ ಮನಿಗೆ ಬಂದ ಲೆಕ್ಕ ಬರಿಯೋದ, ಆಡಿಗೆ ಲಸಿಕೆ ಹಾಕಸೂದ, ಬ್ಯಾಂಕಿನ ಖಾತೆ, ಎಲ್ಲಾ ಕಲಿಸಿದ್ರು. "ಆ ವಾರದ ರೊಕ್ಕ ಇರಲಿಲ್ಲಂದ್ರ ನಾ ಮೊದಲನೇ ತಿಂಗಳದಾಗನ ಆಡ ಮಾರಿ ಜ್ವಾಳ ತರತಿದ್ದೆ ನೋಡ್ರಿ ಅಕ್ಕಾರ" ಅಂದ್ಲು. ಈ ಮಾತ ನನಗ ನಟ್ಟತು, ಯಾಕಂದ್ರ ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟಿ ಬಿಟ್ಟ ಬಂದೋರು ನಾವು, ಪರಿಹಾರದ ರೊಕ್ಕ ಒಮ್ಮೆಲೆ ಬಂದ ಮದವಿಗೆ, ಮಂದಿ ಸಾಲಕ್ಕ ಕರಗಿ ಹೋಗಿದ್ದನ್ನ ನಮ್ಮ ಓಣ್ಯಾಗ ಕಣ್ಣಾರೆ ಕಂಡೇನಿ.

ಆಡು, ವಾರದ ರೊಕ್ಕ, ಮನಿಗೆ ಬಂದ ಕಲಿಸೂದು ಎಲ್ಲಾ ಕೂಡಿಸಿ ಕೊಡೂ ಈ ಪದ್ಧತಿ ಇವರ ಕಂಡಹಿಡದಿದ್ದಲ್ಲ, ಅದನ್ನೂ ಅವರ ಮುಚ್ಚಿಡೂದಿಲ್ಲ. ಬಾಂಗ್ಲಾದೇಶದಾಗ ಬ್ರಾಕ್ ಅನ್ನೋ ಸಂಸ್ಥೆ 2002ರಾಗ ಶುರು ಮಾಡಿದ್ದು. ಆಮ್ಯಾಲ ಆರ ದೇಶದಾಗ ಪರೀಕ್ಷೆ ಮಾಡಿ 2015ರಾಗ ಫಲಿತಾಂಶ ಹಾಕಿದ್ರು, ಅದರಾಗ ನಮ್ಮ ದೇಶದ್ದು ಪಶ್ಚಿಮ ಬಂಗಾಳದಾಗ ಬಂಧನ್ ಅನ್ನೋ ಸಂಸ್ಥೆ ನಡಸಿದ್ದು, ಹತ್ತ ವರ್ಷ ಆದ ಮ್ಯಾಲ ಹೋಗಿ ನೋಡಿದ್ರೂ ಆ ಮನಿಗಳ ಗಳಿಕಿ ಮುಂದನ ಇತ್ತಂತ. ಎಲ್ಲಾ ಕಡೆ ಹಂಗ ಆಗಲಿಲ್ಲ. ಹೊಂಡುರಾಸ್‌ನಾಗ ಕೊಟ್ಟ ಕೋಳಿ ರೋಗ ಬಂದ ಸತ್ತವು, ಲಾಭ ನಿಲ್ಲಲಿಲ್ಲ. ಇಲ್ಲೇ ಪಕ್ಕದ ತೆಲಂಗಾಣದ ಮೇದಕ್ ಕಡೆ ಮಾಡಿದ್ದೂ ಒಟ್ಟಾರೆ ಫರಕ ತೋರಿಸಲಿಲ್ಲ, ಯಾಕಂದ್ರ ಅಲ್ಲಿ ಕೂಲಿ ಕೆಲಸ ಛಲೋ ಸಿಗತಿತ್ತು, ಯೋಜನೆ ಒಳಗ ಇಲ್ಲದ ಹೆಣ್ಮಕ್ಕಳೂ ಕೂಲಿಯಿಂದ ಅಷ್ಟ ಮುಂದ ಬಂದಿದ್ರು. ಅದಕ್ಕ ಇವರು ಸೇರಿಸಿಕೊಳ್ಳೂದಕ್ಕಿಂತ ಮೊದಲ ಕೇಳತಾರ, ನಿಮ್ಮೂರಾಗ ಕೂಲಿ ಎಷ್ಟ, ವರ್ಷಕ್ಕ ಎಷ್ಟ ದಿನ ಸಿಗತೈತಿ, ಗುಳೆ ಯಾವಾಗ ಹೋಗತೀರಿ. ಹಂಗ ಕೇಳೂ ಸಂಸ್ಥೆ ನಾ ಮೊದಲ ಸಲ ನೋಡಿದ್ದು.

ಹಿಂದ ನಾ ಒಂದ ಕಡೆ ರೊಕ್ಕ ಕೊಟ್ಟಿದ್ದೆ, ಹೊಲಿಗಿ ಮಷೀನ್ ಹಂಚೋ ಕಾರ್ಯಕ್ರಮ. ಮಾಲಿ, ಭಾಷಣ, ಫೋಟೋ ಎಲ್ಲಾ ಆತು. ನಮ್ಮ ಕಾಲನಿ ಕಸ ಹೊಡಿಯೋ ತಂಗಿಗೂ ಒಂದ ಸಿಕ್ಕಿತ್ತು. ಹೊಲಿಯಾಕ ಕಲಿಸಿದೋರಿಲ್ಲ, ದಾರ ಕೊಂಡಕೊಳ್ಳಾಕ ರೊಕ್ಕ ಇಲ್ಲ, ಗಿರಾಕಿ ಇಲ್ಲ, ಆರ ತಿಂಗಳಿಗೆ ಮಾರಿ ಮಗನ ಫೀ ಕಟ್ಟಿದ್ಲು. ಮುಂದ ಯಾರೂ ಆಕಿ ಮನಿಗೆ ಬಂದ ಕೇಳಲಿಲ್ಲ, ನಾನೂ ಕೇಳಲಿಲ್ಲ, ಅದಕ್ಕ ಇವತ್ತಿಗೂ ಸಂಕಟ ಐತಿ.

ಈಗ ಆ 2 ರೂಪಾಯಿ. ಮನಿಗೆ ಹೋಗಿ ಕಲಿಸೂ ಹುಡುಗ್ಯಾರ ಪಗಾರಕ್ಕ ಹೋಗತೈತಿ. ರೊಟ್ಟಿ ಬಡಿಯೋರ ಕೂಲಿ, ಜ್ವಾಳ, ಬಾಡಿಗಿ, ಕರೆಂಟ್ ಎಲ್ಲಾ ಅಂಗಡಿ ತಾನ ಗಳಿಸಿ ತಾನ ಕೊಡಬೇಕು, ದಾನದ ರೊಕ್ಕ ಇದಕ್ಕ ಮುಟ್ಟೂದಿಲ್ಲ. ದಾನ ಏನಿದ್ರೂ ಹೊಸದಾಗಿ ಸೇರಿದಾಕಿ ಎರಡ ವರ್ಷದ ಖರ್ಚಿಗೆ. ಹಂಗ್ಯಾಕ ಅಂದ್ರ, ಕಂಪನಿಯವರು ಸಮಾಜ ಸೇವೆಗಂತ ಕೊಡೂ ಸಿಎಸ್‌ಆರ್ ರೊಕ್ಕ ಭಾಳ ಸಲ ಒಂದ ವರ್ಷಕ್ಕ ಬಂದ ಮುಂದಿನ ವರ್ಷ ಬ್ಯಾರೆ ಜಿಲ್ಲೆಗೆ ಹೋಗತೈತಿ. ಪರದೇಶದ ರೊಕ್ಕ ನಂಬೋಣಂದ್ರ ಪರದೇಶದ ದೇಣಿಗಿ ಕಾಯ್ದೆಗೆ 2020ರಾಗ ತಿದ್ದುಪಡಿ ಆದ ಮ್ಯಾಲ ದೊಡ್ಡ ಸಂಸ್ಥೆ ತನಗ ಬಂದದ್ದನ್ನ ಸಣ್ಣ ಸಂಸ್ಥೆಗೆ ಹಂಚೂ ಹಂಗಿಲ್ಲ, ಆಡಳಿತದ ಖರ್ಚೂ 50 ಪರ್ಸೆಂಟ್‌ನಿಂದ 20ಕ್ಕ ಇಳಿಸ್ಯಾರ. ಒಬ್ಬರ ಕೈ ನೋಡಕೋತ ಕುಂತ್ರ, ಆ ಕೈ ಹಿಂದ ಸರದ ದಿನ ಹಳ್ಳ್ಯಾಗಿನ ಹೆಣ್ಮಕ್ಕಳಿಗೆ ಏನ ಹೇಳೂದು?

ಮತ್ತ ಆ ಗೋಡಿ. ಕೌಂಟರ್ ಹಿಂದ ಪ್ರತಿ ತಿಂಗಳ ಲೆಕ್ಕ ಕನ್ನಡದಾಗ ಕೈಲೆ ಬರದ ಅಂಟಸತಾರ. ಹೋದ ವರ್ಷದ ಹಾಳ್ಯಾಗ ಹಿಂಗ ಇತ್ತು: ಆಡು, ಕುರಿಗೆ ಬರೂ ಪಿಪಿಆರ್ ರೋಗದ ಲಸಿಕೆ ತಡಾ ಮಾಡಿದ್ವಿ, 14 ಆಡು ಸತ್ತವು, ತಪ್ಪ ನಮ್ಮದು, ಬದಲಿ ಆಡು ಕೊಟ್ಟೇವಿ. ಅವತ್ತ ನಾ ಎರಡ ಕಟ್ಟ ರೊಟ್ಟಿ ಹೆಚ್ಚ ತಗೊಂಡ ಬಂದೆ.

ಕೊರತಿನೂ ಹೇಳಬೇಕು. ಮಳಿಗಾಲದಾಗ ಪ್ಯಾಕಿಂಗ್ ತೆಳ್ಳಗ ಆಗಿ ಕಡಕ ರೊಟ್ಟಿ ಮೆತ್ತಗಾಗತಾವ, ಮೂರ ಸಲ ಹೇಳೇನಿ. ದಾನಕ್ಕ ತೆರಿಗಿ ರಿಯಾಯಿತಿ ಸಿಗಾಕ ಬೇಕಾದ 80ಜಿ ಸರ್ಟಿಫಿಕೇಟ್ ಮೇ ತಿಂಗಳ ಕೊನೀ ತನಕ ಕಾಯಬೇಕಾತು. ಇವಕ್ಕಿಂತ ದೊಡ್ಡದು, ಎಲ್ಲಾ ಲೆಕ್ಕ ನೋಡೂದು ಒಬ್ಬರ ವಯಸ್ಸಾದ ಬಾಯಾರು, ಅವರಿಗೆ ಎರಡ ವಾರ ಜ್ವರ ಬಂದಾಗ ಗೋಡಿ ಮ್ಯಾಲಿನ ಹಾಳಿ ಹಳೇದ ಇತ್ತು. ಇನ್ನೊಬ್ಬರನ್ನ ತಯಾರ ಮಾಡ್ರಿ ಬಾಯಾರ ಅಂದೆ. ಕೌಂಟರ್ ಅಕ್ಕಗ ಕಂಪ್ಯೂಟರ್ ಕಲಸಾಕ ಹಚ್ಚೇವಿ ಅಂದ್ರು. ಈ ಸ್ಟಾರ್ ಒಂದ ಅದಕ್ಕ ಹಿಡದ ಇಟ್ಟೇನಿ, ಸದ್ಯಕ್ಕ ಐದಕ್ಕ ನಾಕು.

ಮದವಿ, ಸೀಮಂತಕ್ಕ ನೂರರ ಮ್ಯಾಲ ರೊಟ್ಟಿ ಬೇಕಂದ್ರ ಎರಡ ದಿನ ಮೊದಲ ಹೇಳ್ರಿ, ಸಂಜಿ ಏಳಕ್ಕ ಬಾಗಿಲ ಹಾಕತಾರ, ಐತವಾರ ರಜಾ. ಡಬ್ಬಿ ನಿಮ್ಮದ ಒಯ್ರಿ.